ಇಂಗ್ಲಿಷ್ ಮಾತಿನ ಅಡಿಗೆಮನೆ

ಇಂಗ್ಲಿಷರ ಅಡಿಗೆಯ ವಿಷಯದಲ್ಲಿ ನಮ್ಮವರಿಗೆ ಅಂತಹ ಗೌರವವೇನೂ ಇಲ್ಲ. ಸೀಮೆಗೆ ಹೋಗಿಬಂದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಬೇಯಿಸಿದ ತರಕಾರಿ, ಬೇಯಿಸಿದ ಗೆಡ್ಡೆ, ಒಗ್ಗರಣೆಯ ಸದ್ದೂ ಇಲ್ಲ, ಇಂಗಿನ ಪರಿಮಳವೂ ಇಲ್ಲ. ಆದರೆ ಅದೇ ಜನ ಮಾತಿಗೆ ಕುಳಿತರೆಂದರೆ ಎಲೆಯ ತುಂಬ ಬಗೆಬಗೆಯ ಭಕ್ಷ್ಯಗಳು! ಸುಲಭವಾದ ಕೆಲಸ ಅವರಿಗೆ ಒಂದು ತುಂಡು ಕೇಕು. ಗುಟ್ಟು ರಟ್ಟಾದರೆ ಹುರುಳಿಕಾಯಿಯ ಬೀಜ ಚೆಲ್ಲಿದಂತೆ. ಎದೆಗೆಡದವನು ಸೌತೆಕಾಯಿಯಷ್ಟು ತಣ್ಣಗಿರುತ್ತಾನೆ. ಮನಸ್ಸಿಗೆ ಒಗ್ಗದ್ದು ತನ್ನ ಬಟ್ಟಲಿನ ಚಹವಲ್ಲ. ಮನೆಯನ್ನು ಸಾಕುವವನು ರೊಟ್ಟಿಯನ್ನು ಗೆದ್ದು ತರುವವನು. ಊಟಕ್ಕೆ ಹಾಕದೆ ಉಳಿಸಿದ ಒಗ್ಗರಣೆಯನ್ನೆಲ್ಲ ಮಾತಿಗೆ ಹಾಕಿಕೊಂಡರೋ ಏನೋ ಎನ್ನಿಸುತ್ತದೆ.

ಇಂತಹ ನುಡಿಗಟ್ಟುಗಳು ನಮ್ಮ ಕಾಲೇಜಿನ ಹುಡುಗರನ್ನು ಎಡವಿಸುವಷ್ಟು ಕಠಿಣವಾದ ಸಂಸ್ಕೃತ ಸಮಾಸಗಳೂ ಎಡವಿಸಲಾರವು. ಭಾಷಾಂತರದ ತರಗತಿಯಲ್ಲಿ ಒಮ್ಮೆ 'ಈಟ್ ಹಂಬಲ್ ಪೈ' ಎಂಬ ಮಾತು ಬಂದಿತು. ಒಬ್ಬ ಹುಡುಗ ಯಾವ ಸಂಕೋಚವೂ ಇಲ್ಲದೆ 'ಅವನು ವಿನಯದ ಕಡುಬನ್ನು ತಿಂದನು' ಎಂದು ಬರೆದುಕೊಟ್ಟ. ತರಗತಿಯೆಲ್ಲ ನಕ್ಕಿತು. ನನಗೇನೋ ಹುಡುಗನ ಮೇಲೆ ಮೆಚ್ಚಿಕೆಯೇ ಆಯಿತು. ನಿಘಂಟಿನಲ್ಲಿ 'ಹಂಬಲ್' ಎಂದರೆ ವಿನಯವುಳ್ಳ ಎಂದೇ ಇದೆ. ಹಿಟ್ಟಿನ ಹೊದಿಕೆಯೊಳಗೆ ಹೂರಣವಿಟ್ಟು ಬೇಯಿಸಿದ 'ಪೈ'ಯನ್ನು ಕಡುಬು ಎಂದದ್ದರಲ್ಲಿ ಜಾಣತನವೂ ಇದೆ. ಅವನಿಗೆ ತಿಳಿಯದೆ ಹೋದದ್ದು ಇಷ್ಟೆ: ಆ ಕಡುಬು ಯಾವ ಅಡಿಗೆಮನೆಯಲ್ಲಿ, ಯಾರಿಗಾಗಿ ಬೆಂದದ್ದು ಎಂಬುದು. ಅದನ್ನು ಯಾವ ಶಬ್ದಾರ್ಥವೂ ಹೇಳುವುದಿಲ್ಲ.

ಹಳೆಯ ಇಂಗ್ಲೆಂಡಿನ ಶ್ರೀಮಂತರು ಬೇಟೆಯಾಡಿ ತಂದ ಜಿಂಕೆಯನ್ನು ಹಂಚುವುದಕ್ಕೆ ಒಂದು ಕ್ರಮವಿತ್ತು. ತೊಡೆ, ಬೆನ್ನು ಮೊದಲಾದ ಒಳ್ಳೆಯ ಭಾಗಗಳು ಯಜಮಾನನ ಮೇಜಿಗೆ. ಹೃದಯ, ಯಕೃತ್ತು ಮೊದಲಾದ ಒಳಭಾಗಗಳು ಬೇಟೆಗಾರರಿಗೆ, ಆಳುಗಳಿಗೆ. ಸಸ್ಯಾಹಾರಿಗಳಾದ ಓದುಗರು ಈ ಒಂದೆರಡು ವಾಕ್ಯಗಳನ್ನು ಸಹಿಸಿಕೊಳ್ಳಬೇಕು. ಮುಂದೆ ಬೇಳೆ ಬರುತ್ತದೆ. ಆ ಒಳಭಾಗಗಳಿಗೆ ಫ್ರೆಂಚಿನಿಂದ ಬಂದ ಹೆಸರು 'ನಂಬಲ್ಸ್'. 'ಎ ನಂಬಲ್' ಎಂಬುದನ್ನು ಬೇಗ ಬೇಗ ಹೇಳುವಾಗ ನಕಾರವು ಹಿಂದಿನ ಅಕ್ಷರಕ್ಕೆ ಅಂಟಿಕೊಂಡು 'ಆನ್ ಅಂಬಲ್' ಆಯಿತು. ಅಡಿಗೆಯವರು ಸೊಂಟಕ್ಕೆ ಕಟ್ಟಿಕೊಳ್ಳುವ 'ನೇಪ್ರನ್' ಎಂಬ ಬಟ್ಟೆ 'ಏಪ್ರನ್' ಆದದ್ದೂ ಹೀಗೆಯೇ. ಆ ಭಾಗಗಳನ್ನು ಹೂರಣ ಮಾಡಿ ಬೇಯಿಸಿದ್ದು 'ಅಂಬಲ್ ಪೈ'. ಲಂಡನ್ನಿನ ನೌಕಾ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಪ್ರಸಿದ್ಧ ದಿನಚರಿಯಲ್ಲಿ, ೧೬೬೩ರಲ್ಲಿ, ಪರಿಚಿತಳಾದ ಗೃಹಿಣಿಯೊಬ್ಬಳು ಒಲೆಯಿಂದ ತೆಗೆದ ಬಿಸಿಬಿಸಿ ಅಂಬಲ್ ಪೈಯನ್ನು ತಂದುಕೊಟ್ಟುದನ್ನು ಬಹಳ ಮೆಚ್ಚಿ ಬರೆದುಕೊಂಡಿದ್ದಾನೆ. ಆ ಭಕ್ಷ್ಯದಲ್ಲಿ ಅಂದಿಗೆ ಅವಮಾನವೇನೂ ಇರಲಿಲ್ಲವೆಂದಾಯಿತು.

ವಿನಯವನ್ನು ಹೇಳುವ 'ಹಂಬಲ್' ಎಂಬುದರ ಬೇರೇ ಬೇರೆ. ಲ್ಯಾಟಿನ್ನಿನಲ್ಲಿ ನೆಲ, ಮಣ್ಣು ಎಂಬ ಅರ್ಥದ 'ಹ್ಯೂಮಸ್' ಶಬ್ದ ಅದರ ಮೂಲ. ನಮ್ಮ ಕೆಲವು ಕಡೆ ಹಾಲು 'ಆಲು' ಆಗುವಂತೆ ಇಂಗ್ಲಿಷ್ ಜನಸಾಮಾನ್ಯರ ಬಾಯಲ್ಲಿಯೂ ಹಕಾರ ಬಿದ್ದುಹೋಗುವುದುಂಟು. ಹೀಗೆ ಮಣ್ಣಿನ ಪದವೂ ಜಿಂಕೆಯ ಪದವೂ ಕಿವಿಗೆ ಒಂದೇ ಆದವು. ಯಾರೋ ಒಬ್ಬ ವಿನೋದಪ್ರಿಯ ಶ್ಲೇಷೆ ಹೂಡಿರಬೇಕು. ೧೯ನೆಯ ಶತಮಾನದಲ್ಲಿ ಆಳಿನ ಕಡುಬು ತಲೆತಗ್ಗಿಸಿ ಕ್ಷಮೆ ಬೇಡುವವನ ಕಡುಬಾಗಿ ನಿಂತಿತು. ಕನ್ನಡದಲ್ಲಿ ಸೋತವನು 'ಮಣ್ಣು ಮುಕ್ಕಿದ' ಎನ್ನುತ್ತೇವೆ. 'ಹಂಬಲ್' ಶಬ್ದದ ಬೇರಿನಲ್ಲಿಯೂ ಮಣ್ಣೇ ಇರುವುದು ಕಾಕತಾಳೀಯವಾದರೂ ನನಗೆ ಬಹಳ ಇಷ್ಟವಾದ ಕಾಕತಾಳೀಯ.

ಯಾರು ಏನು ತಿಂದರು, ಯಾರಿಗೆ ಏನು ಸಿಕ್ಕಲಿಲ್ಲ ಎಂಬ ಲೆಕ್ಕವನ್ನು ಇಂಗ್ಲಿಷ್ ಭಾಷೆ ಬಹು ಕಾಲದಿಂದ ಇಟ್ಟುಕೊಂಡು ಬಂದಿದೆ. ಹಳೆಯ ಇಂಗ್ಲಿಷಿನಲ್ಲಿ ರೊಟ್ಟಿಯ ಹೆಸರು 'ಹ್ಲಾಫ್'. ಇಂದಿನ 'ಲೋಫ್' ಅದರ ವಂಶದ್ದು. ರೊಟ್ಟಿಯನ್ನು ಕಾಯುವವನು 'ಹ್ಲಾಫ್‌ವೇರ್ಡ್'. ಈ ಶಬ್ದ ಬಾಯಿಂದ ಬಾಯಿಗೆ ಸವೆಯುತ್ತ ಸವೆಯುತ್ತ 'ಲಾರ್ಡ್' ಆಯಿತು. ರೊಟ್ಟಿಯ ಹಿಟ್ಟನ್ನು ನಾದುವವಳು 'ಹ್ಲೇಫ್‌ಡಿಗೆ'. ಅವಳೇ ಇಂದಿನ 'ಲೇಡಿ'. ಲಾರ್ಡರ ಸಭೆಯೆಂದರೆ ಮೂಲತಃ ರೊಟ್ಟಿ ಕಾಯುವವರ ಸಭೆ! ಲೇಡಿಯರು ಹಿಟ್ಟು ನಾದುವುದನ್ನು ಬಿಟ್ಟು ಎಷ್ಟು ಶತಮಾನಗಳಾದವೋ, ಹೆಸರು ಮಾತ್ರ ಕೈಗೆ ಮೆತ್ತಿದ ಹಿಟ್ಟಿನಂತೆ ಹಾಗೆಯೇ ಉಳಿದಿದೆ.

ಇವರಿಬ್ಬರ ಜೊತೆಗೆ ಮೂರನೆಯವನೊಬ್ಬನಿದ್ದ. ಯಜಮಾನನ ಮನೆಯ ರೊಟ್ಟಿಯನ್ನು ತಿಂದು ಅವನ ಆಶ್ರಯದಲ್ಲಿ ಬಾಳುವವನಿಗೆ 'ಹ್ಲಾಫ್-ಏಟ', ಅಂದರೆ ರೊಟ್ಟಿ ತಿನ್ನುವವನು, ಎಂದು ಹೆಸರು. ಸುಮಾರು ೬೦೦ನೆಯ ಇಸವಿಯ ಹೊತ್ತಿಗೆ ಕೆಂಟ್ ಪ್ರಾಂತದ ದೊರೆ ಏತೆಲ್‌ಬರ್ಟ್ ಮಾಡಿಸಿದ ಕಾನೂನುಗಳಲ್ಲಿ ಈ ಮಾತು ಬಂದಿದೆ: ಒಬ್ಬ ರೈತನ 'ರೊಟ್ಟಿ ತಿನ್ನುವವ'ನನ್ನು ಕೊಂದರೆ ೬ ಶಿಲ್ಲಿಂಗು ದಂಡ. ಕಾಯುವವನ ಹೆಸರು ಉಳಿಯಿತು, ನಾದುವವಳ ಹೆಸರೂ ಉಳಿಯಿತು. ತಿಂದು ದುಡಿದವನ ಹೆಸರು ಮಾತ್ರ ಭಾಷೆಯಿಂದಲೇ ಅಳಿದುಹೋಯಿತು.

ಇದನ್ನು ಓದುವಾಗ ಹಳಗನ್ನಡದ ವಿದ್ಯಾರ್ಥಿಗೆ 'ಜೋಳವಾಳಿ' ಎಂಬ ಶಬ್ದ ನೆನಪಾಗದೆ ಇರದು. ಒಡೆಯನಿಂದ ಜೋಳವನ್ನು ಪಡೆದು ಉಂಡವನು ಯುದ್ಧದಲ್ಲಿ ಅವನಿಗಾಗಿ ಪ್ರಾಣವನ್ನು ಒಪ್ಪಿಸಿಯಾದರೂ ಆ ಋಣವನ್ನು ತೀರಿಸಬೇಕೆಂಬ ಧರ್ಮ ಅದು. ನಮ್ಮ ಕಾವ್ಯಗಳೂ ಶಾಸನಗಳೂ ಅದನ್ನು ಕೊಂಡಾಡುತ್ತವೆ. ಅಲ್ಲಿ ರೊಟ್ಟಿ, ಇಲ್ಲಿ ಜೋಳ. ನಮ್ಮಲ್ಲಿ ಉಂಡವನ ಕಡೆಯ ಶಬ್ದ ಉಳಿಯಿತು, ಆದರೆ ಅವನು ಸತ್ತ ಮೇಲೆ, ಕಲ್ಲಿನ ಮೇಲೆ.

'ಕಂಪ್ಯಾನಿಯನ್' ಎಂಬ ಸುಂದರವಾದ ಪದದಲ್ಲಿಯೂ ರೊಟ್ಟಿಯಿದೆ. ಲ್ಯಾಟಿನ್ನಿನ 'ಪಾನಿಸ್' ಎಂದರೆ ರೊಟ್ಟಿ; ಒಟ್ಟಿಗೆ ಕುಳಿತು ರೊಟ್ಟಿ ತಿನ್ನುವವನೇ ಗೆಳೆಯ. 'ಕಂಪೆನಿ' ಎಂಬುದೂ ಅದೇ ಕಣಕದಿಂದ ತಟ್ಟಿದ ಮಾತು. ಈಸ್ಟ್ ಇಂಡಿಯಾ ಕಂಪೆನಿಯೆಂದರೆ ಒಟ್ಟಿಗೆ ರೊಟ್ಟಿ ತಿನ್ನುವವರ ಕೂಟವೆಂದಾಯಿತು. ಯಾರ ಮನೆಯ ರೊಟ್ಟಿ ಎಂಬ ಪ್ರಶ್ನೆಯನ್ನು ವ್ಯುತ್ಪತ್ತಿಶಾಸ್ತ್ರ ಕೇಳುವುದಿಲ್ಲ.

ಇಷ್ಟು ತಿಳಿದ ಮೇಲೆ 'ಬ್ರೆಡ್ ಅಂಡ್ ಬಟರ್' ಎಂದರೆ ಜೀವನೋಪಾಯವೆಂದು ಬಾಯಿಪಾಠ ಮಾಡಬೇಕಾಗಿಲ್ಲ. ಅದಕ್ಕೆ ಕನ್ನಡ 'ಅನ್ನ'. ಒಬ್ಬನ ಬಾಯಿಂದ ರೊಟ್ಟಿ ಕಸಿಯುವುದೆಂದು ಅವರು ಹೇಳುವುದನ್ನೇ ನಾವು ಅನ್ನಕ್ಕೆ ಕಲ್ಲು ಹಾಕುವುದು, ಹೊಟ್ಟೆಯ ಮೇಲೆ ಹೊಡೆಯುವುದು ಎನ್ನುತ್ತೇವೆ. ಪತ್ರಿಕೆಗಳಲ್ಲಿ ಕೆಲವೊಮ್ಮೆ 'ಇದು ಅವರ ರೊಟ್ಟಿ-ಬೆಣ್ಣೆಯ ಪ್ರಶ್ನೆ' ಎಂದು ಅಚ್ಚಾಗುವುದನ್ನು ಕಂಡಿದ್ದೇನೆ. ಮೈಸೂರಿನವರಿಗೆ ಈ ಮಾತು ಅಪರಿಚಿತವಾಗಿ ಕೇಳುತ್ತದೆ; ಧಾರವಾಡದ ಕಡೆಯವರು ಮಾತ್ರ ಇದು ತಮ್ಮ ಜೋಳದ ರೊಟ್ಟಿಯ ವಿಷಯವೆಂದೇ ತಿಳಿದು ಬೆಣ್ಣೆಯ ಜೊತೆಗೆ ಎಣ್ಣೆಗಾಯಿಯನ್ನೂ ನಿರೀಕ್ಷಿಸಿದರೆ ತಪ್ಪಿಲ್ಲ.

ರೊಟ್ಟಿಯಿಂದ ಉಪ್ಪಿಗೆ ಬರೋಣ. ಮಧ್ಯಯುಗದ ದೊಡ್ಡ ಮನೆಗಳ ಭೋಜನಶಾಲೆಯಲ್ಲಿ ಉದ್ದನೆಯ ಮೇಜಿನ ಮೇಲೆ ಉಪ್ಪಿನ ಪಾತ್ರೆಯನ್ನು ಇಡುತ್ತಿದ್ದರು. ಯಜಮಾನನ ಸಮೀಪದಲ್ಲಿ, ಪಾತ್ರೆಯಿಂದ ಮೇಲುಗಡೆ ಕುಳಿತವರು ಮಾನ್ಯರು. ಕೆಳಗಡೆ ಕುಳಿತವರು ಸಾಮಾನ್ಯರು. 'ಬಿಲೋ ದಿ ಸಾಲ್ಟ್' ಎಂಬ ಮಾತು ಅಲ್ಲಿಂದ ಬಂದಿತು. ಇದನ್ನು ವಿವರಿಸುವುದಕ್ಕೆ ನಮಗೆ ದೊಡ್ಡ ಟಿಪ್ಪಣಿ ಬೇಡ. ಪಂಕ್ತಿಭೇದ ಎಂಬ ಒಂದು ಶಬ್ದ ಸಾಕು. ಅದನ್ನು ಅನುಭವಿಸಿದವರು ನಮ್ಮಲ್ಲಿ ಕಡಿಮೆಯೇನಿಲ್ಲ.

'ಟ್ರೂ ಟು ಒನ್ಸ್ ಸಾಲ್ಟ್' ಎಂಬುದು ನಮಗೆ ಇನ್ನೂ ಹತ್ತಿರದ ಮಾತು. ಭಾರತದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ೧೯ನೆಯ ಶತಮಾನದಲ್ಲಿ ತಮ್ಮ ಸಿಪಾಯಿಗಳ ಸ್ವಾಮಿನಿಷ್ಠೆಯನ್ನು ಹೊಗಳುವಾಗ ಉಪ್ಪಿಗೆ ನಿಷ್ಠರಾದವರೆಂದು ಬರೆಯುತ್ತಿದ್ದರು. 'ನಮಕ್ ಹಲಾಲ್' ಎಂಬ ಹಿಂದೂಸ್ತಾನಿ ಮಾತು ಅವರ ಕಿವಿಯ ಮೇಲೆ ನಿತ್ಯವೂ ಬೀಳುತ್ತಿದ್ದಿತಲ್ಲ! ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ನಾವೂ ಹೇಳುತ್ತ ಬಂದವರೇ. ಆದರೆ ಸಿಪಾಯಿ ತಿಂದ ಉಪ್ಪು ಈ ನೆಲದ ಕಡಲಿನದು. ಅದರ ಮೇಲೆ ತೆರಿಗೆ ಹಾಕಿದವರು ಮಾತ್ರ ಅವರು. ೧೯೩೦ರಲ್ಲಿ ದಂಡಿಯ ತೀರದಲ್ಲಿಯೂ ನಮ್ಮ ಅಂಕೋಲೆಯಲ್ಲಿಯೂ ಜನ ಉಪ್ಪನ್ನು ತಾವೇ ಮಾಡಿ ಎತ್ತಿಕೊಂಡಾಗ ಈ ನುಡಿಗಟ್ಟಿನ ತಕ್ಕಡಿಯೂ ಸ್ವಲ್ಪ ಅಲುಗಾಡಿತು. ಯಾರ ಉಪ್ಪನ್ನು ಯಾರು ತಿಂದರು?

ಉಪ್ಪಿಗೆ ಇನ್ನೊಂದು ಕೆಲಸವೂ ಉಂಟು. ಯಾವುದಾದರೂ ಮಾತನ್ನು ಪೂರ್ತಿ ನಂಬಬಾರದೆಂದಾಗ ಇಂಗ್ಲಿಷರು ಅದನ್ನು ಚಿಟಿಕೆ ಉಪ್ಪಿನೊಡನೆ ಸ್ವೀಕರಿಸು ಎನ್ನುತ್ತಾರೆ. ಕ್ರಿ.ಶ. ೭೯ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಉತ್ಪಾತದಲ್ಲಿ ಮಡಿದ ರೋಮಿನ ಪಂಡಿತ ಪ್ಲಿನಿ, ಮಿಥ್ರಿಡೇಟೀಸ್ ದೊರೆಯ ವಿಷಹರ ಔಷಧವೊಂದನ್ನು ವರ್ಣಿಸಿದ್ದಾನೆ: ಒಣಗಿದ ಎರಡು ಅಕ್ರೋಟು, ಎರಡು ಅಂಜೂರ, ಸದಾಪು ಗಿಡದ ಇಪ್ಪತ್ತು ಎಲೆ, ಜೊತೆಗೆ ಒಂದು ಹರಳು ಉಪ್ಪು, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಅಂದು ಯಾವ ವಿಷವೂ ತಾಕದು. ಆ ಉಪ್ಪಿನ ಹರಳಿನಿಂದ ಈ ಮಾತು ಹುಟ್ಟಿತೆಂದು ಹೇಳುತ್ತಾರೆ. ವಿಷವನ್ನು ನುಂಗುವವನಿಗೆ ಒದಗಿದ ಉಪ್ಪು ಗಾಳಿಮಾತನ್ನು ನುಂಗುವವನಿಗೂ ಒದಗಿತು.

ನುಡಿಗಟ್ಟುಗಳ ಹುಟ್ಟುಕಥೆಗಳನ್ನು ಓದುವಾಗ ಈ ಚಿಟಿಕೆ ಉಪ್ಪು ಕೈಯಳತೆಯಲ್ಲಿಯೇ ಇರಬೇಕು. ರೋಮಿನ ಸೈನಿಕರಿಗೆ ಸಂಬಳವನ್ನು ಉಪ್ಪಿನ ರೂಪದಲ್ಲಿ ಅಳೆದುಕೊಡುತ್ತಿದ್ದರು, ಆದುದರಿಂದಲೇ 'ಸ್ಯಾಲರಿ' ಎಂಬ ಹೆಸರು ಬಂದಿತು ಎಂದು ಅನೇಕ ಪುಸ್ತಕಗಳಲ್ಲಿ ಬರೆದಿರುತ್ತಾರೆ. 'ಸ್ಯಾಲರಿ'ಯ ಮೂಲವಾದ 'ಸಲಾರಿಯಂ' ಶಬ್ದಕ್ಕೂ ಉಪ್ಪಿಗೂ ಸಂಬಂಧವಿರುವುದು ನಿಜ. ಆದರೆ ಸೈನಿಕನ ಬೊಗಸೆಗೆ ಉಪ್ಪು ಸುರಿದರೆಂಬುದಕ್ಕೆ ಪ್ರಾಚೀನರ ಸಾಕ್ಷ್ಯವಿಲ್ಲ. ಕಥೆ ಚೆನ್ನಾಗಿರುವುದೇ ಅದರ ಮೇಲಿನ ಅನುಮಾನಕ್ಕೆ ಕಾರಣವಾಗಬೇಕಾದ ಸಂದರ್ಭಗಳು ಶಬ್ದಲೋಕದಲ್ಲಿ ಬಹಳ.

ಇದಕ್ಕೆ ಇನ್ನೊಂದು ಸೊಗಸಾದ ನಿದರ್ಶನ 'ಬ್ರಿಂಗ್ ಹೋಮ್ ದಿ ಬೇಕನ್' ಎಂಬುದು. ಉಪ್ಪು ಹಚ್ಚಿ ಒಣಗಿಸಿದ ಹಂದಿಯ ಮಾಂಸವೇ ಬೇಕನ್. ಅದನ್ನು ಮನೆಗೆ ತರುವುದೆಂದರೆ ಗೆದ್ದು ಬರುವುದು, ಸಂಪಾದಿಸುವುದು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಡನ್‌ಮೋ ಎಂಬಲ್ಲಿ ಒಂದು ವಿಚಿತ್ರವಾದ ಸಂಪ್ರದಾಯವಿದೆ. ಮದುವೆಯಾಗಿ ಒಂದು ವರ್ಷ ಒಂದು ದಿನ ಕಳೆದರೂ 'ಯಾಕಾದರೂ ಈ ಮದುವೆ ಮಾಡಿಕೊಂಡೆನೋ' ಎಂದು ಒಮ್ಮೆಯೂ ಪಶ್ಚಾತ್ತಾಪಪಡದ ದಂಪತಿಗಳು ಅಲ್ಲಿಗೆ ಹೋಗಿ ಪ್ರಮಾಣ ಮಾಡಿದರೆ ಅವರಿಗೆ ಹಂದಿಯ ಒಂದು ಪಕ್ಕೆಯ ಮಾಂಸ ಬಹುಮಾನ. ೧೪ನೆಯ ಶತಮಾನದ ಕವಿ ಚಾಸರನಿಗೂ ಇದು ಗೊತ್ತಿತ್ತು. ನಡುವೆ ನಿಂತುಹೋಗಿದ್ದ ಈ ಪದ್ಧತಿ, ಹ್ಯಾರಿಸನ್ ಐನ್ಸ್‌ವರ್ತ್ ಇದನ್ನೇ ವಸ್ತುವಾಗಿಟ್ಟುಕೊಂಡು ೧೮೫೪ರಲ್ಲಿ ಕಾದಂಬರಿ ಬರೆದ ಮೇಲೆ ಮತ್ತೆ ಜೀವ ತಳೆಯಿತು. ಈಗಲೂ ಕೆಲವು ವರ್ಷಗಳಿಗೊಮ್ಮೆ ನಡೆಯುತ್ತದೆ. ಆರು ಮಂದಿ ಕನ್ಯೆಯರು, ಆರು ಮಂದಿ ಬ್ರಹ್ಮಚಾರಿಗಳು ತೀರ್ಪುಗಾರರಾಗಿ ಕುಳಿತುಕೊಳ್ಳುತ್ತಾರೆ. ವಕೀಲರು ದಂಪತಿಗಳನ್ನು ಪಾಟೀಸವಾಲು ಮಾಡುತ್ತಾರೆ. ದಾಂಪತ್ಯವನ್ನು ಅಳೆಯುವುದಕ್ಕೆ ಮದುವೆಯಾಗದವರನ್ನೇ ಕೂರಿಸಿದವರ ಜಾಣತನವನ್ನು ನಮ್ಮ ಗೃಹಸ್ಥ ಓದುಗರು ಮೆಚ್ಚದಿರಲಾರರು.

ನುಡಿಗಟ್ಟು ಹುಟ್ಟಿದ್ದು ಇಲ್ಲಿಯೇ ಎಂದು ಅನೇಕರ ನಂಬಿಕೆ. ಆದರೆ ಸಂಪ್ರದಾಯ ಇಷ್ಟು ಹಳೆಯದಾಗಿದ್ದರೂ ಮಾತು ಬೆಳಕಿಗೆ ಬಂದದ್ದು ೨೦ನೆಯ ಶತಮಾನದಲ್ಲಿ, ಅದೂ ಅಮೆರಿಕದಲ್ಲಿ. ೧೯೦೬ರ ಸೆಪ್ಟೆಂಬರಿನಲ್ಲಿ ನೆವಾಡದ ಗೋಲ್ಡ್‌ಫೀಲ್ಡ್ ಎಂಬಲ್ಲಿ ಜೋ ಗ್ಯಾನ್ಸ್ ಎಂಬ ಕರಿಯ ಮುಷ್ಟಿಮಲ್ಲ ಬ್ಯಾಟ್ಲಿಂಗ್ ನೆಲ್ಸನ್ ಎಂಬ ಬಿಳಿಯನೊಡನೆ ೪೨ ಸುತ್ತು ಕಾದಿ ಗೆದ್ದ. ಪಂದ್ಯಕ್ಕೆ ಮುಂಚೆ ಅವನ ತಾಯಿ ತಂತಿಯ ಮೂಲಕ ಕಳುಹಿದ ಸಂದೇಶದಲ್ಲಿ ಈ ಮಾತು ಇದ್ದಿತೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಆ ಮೇಲೆಯೇ ಅದು ಎಲ್ಲರ ಬಾಯಿಗೂ ಬಂದಿತು. ಡನ್‌ಮೋದ ದಂಪತಿಗಳ ಕಥೆ ವಿನೋದವಾಗಿದೆ, ನಿಜ. ನನ್ನ ಮನಸ್ಸು ಮಾತ್ರ ದೂರದಲ್ಲಿ ಕುಳಿತು ಮಗನಿಗಾಗಿ ಕಾಯುತ್ತಿದ್ದ ಆ ತಾಯಿಯ ಕಡೆಗೇ ಹೋಗುತ್ತದೆ.

ತಿನಿಸಿನ ವೇಷ ಹಾಕಿಕೊಂಡು ಪಂಕ್ತಿಯಲ್ಲಿ ಬಂದು ಕುಳಿತ ಮಾತುಗಳೂ ಕೆಲವುಂಟು. 'ಕರಿ ಫೇವರ್' ಎಂದರೆ ಮುಖಸ್ತುತಿ ಮಾಡಿ ಒಬ್ಬರ ಕೃಪೆಯನ್ನು ಗಿಟ್ಟಿಸುವುದು. ತಮಿಳಿನ 'ಕರಿ'ಯಿಂದ ಇಂಗ್ಲಿಷಿಗೆ ಹೋದ ಮಸಾಲೆಯ ಪದಾರ್ಥಕ್ಕೂ ಇದಕ್ಕೂ ಸಾಸಿವೆಯಷ್ಟೂ ಸಂಬಂಧವಿಲ್ಲ. ಇಲ್ಲಿನ 'ಕರಿ' ಎಂದರೆ ಕುದುರೆಯ ಮೈಯನ್ನು ಉಜ್ಜಿ ಬಾಚುವುದು. ೧೩೧೦ ಮತ್ತು ೧೩೧೪ರಲ್ಲಿ ರಚಿತವಾದ ಫ್ರೆಂಚ್ ಕಾವ್ಯವೊಂದರಲ್ಲಿ ಫೋವೆಲ್ ಎಂಬ ಕುದುರೆ ಬರುತ್ತದೆ. ಮುಖಸ್ತುತಿ, ಲೋಭ, ನೀಚತನ, ಚಂಚಲತೆ, ಅಸೂಯೆ, ಹೇಡಿತನ ಎಂಬ ಆರು ದುರ್ಗುಣಗಳ ಫ್ರೆಂಚ್ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ರಾಜ್ಯದ ದೊಡ್ಡವರೂ ಧರ್ಮಪೀಠದ ದೊಡ್ಡವರೂ ಬಂದು ಸರದಿಯಂತೆ ಆ ಕುದುರೆಯ ಮೈ ಉಜ್ಜುತ್ತಾರೆ! ಕುದುರೆಯ ಹೆಸರನ್ನು ಮರೆತ ಇಂಗ್ಲಿಷ್ ಜನ ಫೋವೆಲನ್ನು 'ಫೇವರ್' ಮಾಡಿಕೊಂಡರು. ಅರ್ಥವೇನೂ ಕೆಡಲಿಲ್ಲ. ನಾವು ಇದೇ ಕೆಲಸವನ್ನು ಕುದುರೆಯಿಲ್ಲದೆ, ಬರಿಯ ಬೆಣ್ಣೆ ಹಚ್ಚಿ ಮುಗಿಸುತ್ತೇವೆ.

ಗಣ್ಯವ್ಯಕ್ತಿಯನ್ನು 'ಬಿಗ್ ಚೀಸ್' ಎನ್ನುವುದೂ ಹೀಗೆಯೇ. ಹಾಲಿನಿಂದಾದ ಚೀಸ್ ಎಷ್ಟು ದೊಡ್ಡದಾದರೂ ಅದಕ್ಕೆ ಗೌರವವೇಕೆ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ೧೮೮೬ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ಎಂಬ ಕೋಶದಲ್ಲಿ, ಉತ್ತಮವಾದದ್ದು ಎಂಬ ಅರ್ಥದಲ್ಲಿ ಇಂಗ್ಲಿಷರು ಆಡುವ 'ಚೀಸ್' ನಮ್ಮ ಹಿಂದೂಸ್ತಾನಿಯ 'ಚೀಜ್', ಅಂದರೆ ವಸ್ತು, ಇದ್ದಿರಬೇಕೆಂದು ಊಹಿಸಿದ್ದಾರೆ.

ಹಾಗಾದರೆ ಇಂತಹ ಮಾತುಗಳನ್ನು ಕನ್ನಡಕ್ಕೆ ತರುವ ಬಗೆ ಹೇಗೆ? ಇಂಗ್ಲಿಷರೇ ದಾರಿ ತೋರಿಸಿಕೊಟ್ಟಿದ್ದಾರೆ. ಅಲ್ಪವಿಷಯಕ್ಕೆ ದೊಡ್ಡ ರಾದ್ಧಾಂತವೆಬ್ಬಿಸುವುದನ್ನು ಅವರು ಚಹದ ಬಟ್ಟಲಿನಲ್ಲಿ ಎದ್ದ ಬಿರುಗಾಳಿ ಎನ್ನುತ್ತಾರೆ. ಚಹ ಇಂಗ್ಲೆಂಡನ್ನು ಮುಟ್ಟಿದ್ದು ೧೭ನೆಯ ಶತಮಾನದಲ್ಲಿ. ಅದಕ್ಕೆ ಎಷ್ಟೋ ಮುಂಚೆ, ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ, ರೋಮಿನ ವಾಗ್ಮಿ ಸಿಸೆರೋ ಸೌಟಿನಲ್ಲಿ ಅಲೆಯೆಬ್ಬಿಸುವುದು ಎಂಬ ಮಾತನ್ನು ಬಳಸಿದ್ದ. ಅದು ಅವನ ಕಾಲಕ್ಕಾಗಲೇ ಗಾದೆಯಾಗಿತ್ತು. ಇಂಗ್ಲಿಷರು ಸೌಟನ್ನು ಬಿಟ್ಟು ತಮ್ಮ ಬಟ್ಟಲನ್ನು ತಂದರು. ಅಮೆರಿಕದವರು ಬಟ್ಟಲನ್ನೂ ಬಿಟ್ಟು ಚಹದ ಕೆಟಲನ್ನು ಇಟ್ಟುಕೊಂಡರು. ಬಿರುಗಾಳಿ ಒಂದೇ, ಪಾತ್ರೆ ಮಾತ್ರ ಅವರವರ ಮನೆಯದು.

ನಮ್ಮವರೂ ಈ ಕೆಲಸದಲ್ಲಿ ಹಿಂದೆ ಬಿದ್ದವರಲ್ಲ. ಸರಕು ಭರದಿಂದ ಖರ್ಚಾದರೆ ಇಂಗ್ಲಿಷಿನಲ್ಲಿ ಬಿಸಿ ಕೇಕಿನಂತೆ ಮಾರಿಹೋಯಿತೆನ್ನುತ್ತಾರೆ. ಕನ್ನಡದ ಯಾವ ಪುಣ್ಯಾತ್ಮನೋ ಅದನ್ನು 'ಬಿಸಿದೋಸೆಯಂತೆ' ಎಂದು ತಿರುಗಿಸಿದ. ಕೇಕು ತಣ್ಣಗಾದರೂ ನಡೆದೀತು, ದೋಸೆ ನಡೆಯದು. ಮೂಲಕ್ಕಿಂತ ಭಾಷಾಂತರ ಗರಿಗರಿಯಾಯಿತೆಂದರೆ ಇದೇ. ಅದೇ ರೀತಿ ಕೇಕನ್ನು ತಿನ್ನಲೂ ಬೇಕು, ಉಳಿಸಿಕೊಳ್ಳಲೂ ಬೇಕು ಎಂಬ ಗಾದೆ, ಜಾನ್ ಹೇವುಡ್ ೧೫೪೬ರಲ್ಲಿ ಅಚ್ಚು ಹಾಕಿಸಿದ ಸಂಗ್ರಹದಲ್ಲಿಯೇ ಇದೆ. ಇದಕ್ಕೆ 'ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ' ಎಂಬ ನಮ್ಮ ಗಾದೆಯನ್ನು ಎದುರಿಗಿಟ್ಟು ನೋಡಿ. ಇಂಗ್ಲಿಷ್ ಗಾದೆಯಲ್ಲಿ ಒಬ್ಬನೂ ಅವನ ಕೇಕೂ ಇದ್ದರೆ, ನಮ್ಮದರಲ್ಲಿ ಇಡೀ ಸಂಸಾರವೇ ಇದೆ: ಬಾಗಿಲಲ್ಲಿ ನಗುತ್ತ ನಿಂತ ನೆಂಟರು, ಒಳಗೆ ಅಕ್ಕಿಯ ಡಬ್ಬದ ತಳವನ್ನು ಇಣಿಕಿ ನೋಡುತ್ತಿರುವ ಗೃಹಿಣಿ.

ಎಲ್ಲ ಜೋಡಿಯೂ ಹೀಗೆ ಕೂಡಿಬರುವುದಿಲ್ಲ. ಚೆಲ್ಲಿದ ಹಾಲಿಗೆ ಅತ್ತು ಫಲವಿಲ್ಲ ಎಂಬ ಇಂಗ್ಲಿಷ್ ಮಾತಿಗೆ 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂಬುದನ್ನು ಸಮಾನವೆಂದು ಕೆಲವರು ಕೊಡುತ್ತಾರೆ. ಎರಡೂ ಅಡಿಗೆಮನೆಯವೇ, ಆದರೆ ಮೊದಲನೆಯದು ಸಮಾಧಾನ, ಎರಡನೆಯದು ಚುಚ್ಚುಮಾತು. ಅಳುತ್ತಿರುವವರ ಮುಂದೆ ಎರಡನೆಯದನ್ನು ಆಡಿ ನೋಡಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಇನ್ನು ಸಿರಿವಂತನ ಮಗನನ್ನು ಬಾಯಲ್ಲಿ ಬೆಳ್ಳಿಯ ಚಮಚವಿಟ್ಟುಕೊಂಡು ಹುಟ್ಟಿದವನು ಎನ್ನುತ್ತಾರಷ್ಟೆ. ಮಗುವಿನ ನಾಮಕರಣದಂದು ಬೆಳ್ಳಿಯ ಚಮಚವನ್ನು ಉಡುಗೊರೆ ಕೊಡುವುದು ಇಂಗ್ಲೆಂಡಿನ ಉಳ್ಳವರ ಪದ್ಧತಿಯಾಗಿತ್ತು. ನಮ್ಮ ಮನೆಗಳಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದುದು ಒಳಲೆಯಲ್ಲಿ. ಬೆಳ್ಳಿಯ ಒಳಲೆಯಲ್ಲಿ ಹಾಲು ಕುಡಿದು ಬೆಳೆದವನು ಎಂದರೆ ನಮ್ಮ ಅಜ್ಜಿಯರಿಗೂ ತಿಳಿಯುತ್ತಿತ್ತು. ಚಮಚವೇ ಈಗ ರೂಢಿಯಾಗಿಬಿಟ್ಟಿದೆ. ನನ್ನ ಮಾತನ್ನು ಯಾರೂ ಕೇಳಲಾರರು.

ಹುಡುಕದೆಯೇ ಕೈಗೆ ಸಿಕ್ಕುವ ಜೋಡಿಯೂ ಒಂದಿದೆ. ಅತ್ಯಂತ ಪ್ರೀತಿಪಾತ್ರರನ್ನು ಇಂಗ್ಲಿಷಿನಲ್ಲಿ ಕಣ್ಣಿನ ಸೇಬು ಎನ್ನುತ್ತಾರೆ. ಕಣ್ಣಿನೊಳಗಿನ ಕಪ್ಪು ಬಿಂದುವನ್ನು ಹಿಂದಿನವರು ಗಟ್ಟಿಯಾದ ಗುಂಡೆಂದು ಭಾವಿಸಿದ್ದರಿಂದ ಅದಕ್ಕೆ ಸೇಬಿನ ಹೆಸರಿಟ್ಟರು. ೯ನೆಯ ಶತಮಾನದ ಆಲ್ಫ್ರೆಡ್ ದೊರೆಯ ಕಾಲದಲ್ಲಿಯೇ ಈ ಬಳಕೆಯಿತ್ತು. ಇದೇ ಮಾತನ್ನು ಇಂಗ್ಲಿಷ್ ಬೈಬಲಿನಲ್ಲಿಯೂ ಕಾಣುತ್ತೇವೆ. ಆದರೆ ಹೀಬ್ರೂ ಮೂಲದಲ್ಲಿ ಅಲ್ಲಿ ಸೇಬೂ ಇಲ್ಲ, ಹಣ್ಣೂ ಇಲ್ಲ. ಇರುವುದು ಕಣ್ಣಿನ ಪುಟ್ಟ ಮನುಷ್ಯ. ಲ್ಯಾಟಿನ್ನಿನಲ್ಲಿ ಅದು 'ಪ್ಯುಪಿಲ್ಲ', ಪುಟ್ಟ ಬೊಂಬೆ. ಸಂಸ್ಕೃತದಲ್ಲಿ 'ಕನೀನಿಕಾ', ಪುಟ್ಟ ಹುಡುಗಿ. ಕನ್ನಡದಲ್ಲಿ ಕಣ್ಣಿನ ಪಾಪೆ. ಎದುರಿಗಿರುವವರ ಕಣ್ಣನ್ನು ಹತ್ತಿರದಿಂದ ನೋಡಿದರೆ ಅಲ್ಲಿ ನಮ್ಮದೇ ಪುಟ್ಟ ಆಕಾರ ಕಾಣುತ್ತದೆಯಲ್ಲವೆ? ಅದನ್ನು ದೂರದೂರದ ಇಷ್ಟು ಮಂದಿ ಬೇರೆ ಬೇರೆಯಾಗಿ ಕಂಡು ಮಗುವೆಂದೋ ಬೊಂಬೆಯೆಂದೋ ಕರೆದಿದ್ದಾರೆ. ಇಂಗ್ಲಿಷರಿಗೆ ಮಾತ್ರ ಹಣ್ಣು ಕಂಡಿತು. ಹಸಿವೆ ಹೆಚ್ಚಾಗಿತ್ತೋ ಏನೋ.

ಹಸಿವೆಯ ಮಾತು ಬಂದದ್ದರಿಂದ, ಮೊದಲೇ ಹೇಳಿದ್ದ ಬೇಳೆಯನ್ನು ಬಡಿಸಿಬಿಡುತ್ತೇನೆ. ಬೈಬಲಿನ ಏಸಾವನು ಬೇಟೆಯಿಂದ ಬಳಲಿ ಮನೆಗೆ ಬಂದಾಗ ತಮ್ಮನಾದ ಯಾಕೋಬ ಕೆಂಪು ಬೇಳೆಯನ್ನು ಬೇಯಿಸುತ್ತಿದ್ದ. ಹಸಿವೆಯನ್ನು ತಾಳಲಾರದ ಅಣ್ಣ ಒಂದು ಊಟದ ಬೇಳೆಗಾಗಿ ಜ್ಯೇಷ್ಠತ್ವದ ಹಕ್ಕನ್ನೇ ಮಾರಿಬಿಟ್ಟ. 'ಮೆಸ್ ಆಫ್ ಪಾಟೇಜ್'ಗೆ ಮಾರಿಕೊಳ್ಳುವುದೆಂದರೆ ಅಲ್ಪಕ್ಕಾಗಿ ಅಮೂಲ್ಯವಾದುದನ್ನು ಬಿಟ್ಟುಕೊಡುವುದು. ಈ ಮಾತು ೧೬೧೧ರ ಪ್ರಸಿದ್ಧ ಇಂಗ್ಲಿಷ್ ಬೈಬಲಿನ ಪಾಠದಲ್ಲಿ ಹೀಗೆಯೇ ಎಲ್ಲಿಯೂ ಬರುವುದಿಲ್ಲವೆಂಬುದು ಒಂದು ಸೋಜಿಗ. ನುಡಿಗಟ್ಟು ಏಸಾವನನ್ನು ಅವಿವೇಕಿಯೆಂದು ಹಳಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಹುಟ್ಟಿದ ನುಡಿಗಟ್ಟಿರಬೇಕು.

ಹಸಿದವರೇ ಹುಟ್ಟಿಸಿದ ಮಾತು 'ಪೈ ಇನ್ ದಿ ಸ್ಕೈ', ಆಕಾಶದಲ್ಲಿನ ಕಡುಬು. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಕೂಲಿಯಾಗಿ ಬಂದ ಜೋ ಹಿಲ್ ಎಂಬವನು ೧೯೧೧ರಲ್ಲಿ, ಆಗ ಬಹಳ ಪ್ರಚಾರದಲ್ಲಿದ್ದ ಭಕ್ತಿಗೀತೆಯೊಂದರ ಧಾಟಿಯಲ್ಲಿ ಕೂಲಿಕಾರರಿಗಾಗಿ ಅಣಕು ಹಾಡನ್ನು ಕಟ್ಟಿದ. ಅನ್ನ ಕೇಳಿದವನಿಗೆ, ಈಗ ಪ್ರಾರ್ಥನೆ ಮಾಡಿಕೊಂಡಿರು, ಸತ್ತ ಮೇಲೆ ಸ್ವರ್ಗದಲ್ಲಿ ಕಡುಬು ಸಿಕ್ಕುತ್ತದೆ ಎಂದು ಉಪದೇಶಿಸುವವರನ್ನು ಅದರಲ್ಲಿ ಚೆನ್ನಾಗಿ ಹಾಸ್ಯ ಮಾಡಿದ್ದಾನೆ. ನಾಲ್ಕು ವರ್ಷಗಳ ಮೇಲೆ, ೧೯೧೫ರಲ್ಲಿ, ಕೊಲೆಯ ಆರೋಪದ ಮೇಲೆ ಯೂಟಾದಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಆ ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲವೆಂಬ ವಾದ ಇನ್ನೂ ನಿಂತಿಲ್ಲ. ಅವನ ಕಡುಬಿಗೆ ನಿಘಂಟಿನಲ್ಲಿ 'ಗಗನಕುಸುಮ' ಎಂದು ಅರ್ಥ ಕೊಟ್ಟರೆ ಸಾಲದು. ಗಗನಕುಸುಮ ಇಲ್ಲದ ವಸ್ತು, ಅಷ್ಟೆ, ಅದರಲ್ಲಿ ಮೋಸಗಾರನಿಲ್ಲ. ಮೂಗಿಗೆ ತುಪ್ಪ ಸವರುವುದು ಎಂಬ ನಮ್ಮ ಮಾತಿನಲ್ಲಿ ಎಲ್ಲವೂ ಇದೆ. ಸವರುವವನ ಕೈಯಿದೆ, ಬರಿಯ ವಾಸನೆಯಿದೆ, ನಾಲಿಗೆಗೆ ಎಟುಕದ ತುಪ್ಪವಿದೆ.

ಕೊಂಡವನಿಗೆ ಅಂಗಡಿಯವನು ಅಳತೆಯ ಮೇಲೆ ಒಂದಿಷ್ಟು ಸೇರಿಸಿ ಕೊಡುವುದನ್ನು ನಾವು ಕೊಸರು ಎನ್ನುತ್ತೇವೆ. ಇಂಗ್ಲೆಂಡಿನಲ್ಲಿಯೂ ಕೊಸರು ಉಂಟು. 'ಬೇಕರ್ಸ್ ಡಜನ್' ಎಂದರೆ ಹದಿಮೂರು. ೧೩ನೆಯ ಶತಮಾನದಲ್ಲಿ, ಮೂರನೆಯ ಹೆನ್ರಿಯ ಆಳ್ವಿಕೆಯಲ್ಲಿ, ಗೋಧಿಯ ಧಾರಣೆ ಏರಿ ಇಳಿದಂತೆ ರೊಟ್ಟಿಯ ತೂಕ ಎಷ್ಟಿರಬೇಕೆಂದು ಕಾನೂನು ಮಾಡಿದರು. ತೂಕ ಕಡಿಮೆಯಾದರೆ ರೊಟ್ಟಿ ಸುಡುವವನಿಗೆ ದಂಡ. ತಪ್ಪು ದೊಡ್ಡದಾದರೆ ಸಂತೆಯ ನಡುವೆ ಮರದ ಚೌಕಟ್ಟಿನಲ್ಲಿ ಕತ್ತು ಸಿಕ್ಕಿಸಿ ನಿಲ್ಲಿಸುವ ಶಿಕ್ಷೆ. ಆ ಹೆದರಿಕೆಯಿಂದ ಹನ್ನೆರಡಕ್ಕೆ ಒಂದನ್ನು ಹೆಚ್ಚಿಗೆ ಕೊಡುತ್ತಿದ್ದರೆಂದು ಕೆಲವರ ಮತ. ರೊಟ್ಟಿಯನ್ನು ಸಗಟಾಗಿ ಕೊಂಡು ಬೀದಿಯಲ್ಲಿ ಮಾರುವ ಬಡ ವ್ಯಾಪಾರಿಗೆ ಹದಿಮೂರನೆಯದೇ ಲಾಭವಾಗಿತ್ತೆಂದು ಇನ್ನು ಕೆಲವರ ಮತ. ನನಗೆ ಎರಡನೆಯದು ಹಿಡಿಸುತ್ತದೆ. ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತಿದವನಿಗೆ ಸಂಜೆ ಉಳಿಯುತ್ತಿದ್ದುದು ಆ ಒಂದು ರೊಟ್ಟಿ.